ತಿಮ್ಮರಾಯಪ್ಪನವರ ಅಳತೆ
ಕಂಪ್ಯೂಟರ್ ಇನ್ನೂ ಬಾರದ ನಮ್ಮ ಸೇಲಂ ಲ್ಯಾಬಿನ ಹಿರಿಯ ಟೆಕ್ನೀಷಿಯನ್ ತಿಮ್ಮರಾಯಪ್ಪನವರು ಕಾಫಿಯ ನೊರೆ ಎಷ್ಟು ಬೆರಳಿದೆಯೆಂದು ನೋಡದೆ ಲೋಟ ಎತ್ತುವವರಲ್ಲ. ಮೇಚೇರಿ ಸಂತೆಯಲ್ಲಿ ಬೆನ್ನಿಗೆ ಗೇಣು ಹಾಕಿಯೇ ಕುರಿ ಕೊಳ್ಳುವ ಮನೆತನ. ಥೈರಾಯ್ಡ್ ಗಂಟಿನಿಂದ ಸೂಜಿಯಲ್ಲಿ ತೆಗೆದ ಜೀವಕೋಶಗಳ ಸ್ಲೈಡ್ ಬಂತೆಂದರೆ, ಮೈಕ್ರೋಸ್ಕೋಪಿನೊಳಗಿನ ಸಣ್ಣ ಅಳತೆಪಟ್ಟಿಯಲ್ಲಿ ಒಂದೊಂದು ಕೋಶದ ನಡುವಿನ ಬೊಟ್ಟನ್ನೂ ಅಳೆಯುತ್ತಾರೆ. “ಬೊಟ್ಟು ಸಣ್ಣಗಿದ್ರೆ ಸಾದಾ ಗಂಟು, ದಪ್ಪಗಿದ್ರೆ ರೊಂಬ ಯೋಚ್ನೆ” ಎನ್ನುವುದು ಅವರ ಮಂತ್ರ. ಐವತ್ತು ಕೋಶ ಸಾಕೆಂದು ಡಾಕ್ಟರು ಹೇಳಿದರೆ, “ಅರ್ಧ ಮಂದೆ ಎಣ್ಸಿ ಯಾರಾರ ಮನೀಕ್ಕಂತಾರಾ ಸಾರ್” ಎಂದು ನೂರು ಮುಗಿಸಿಯೇ ಏಳುತ್ತಾರೆ. ಅವರ ಕೈಕೆಳಗೆ ಕೆಲಸ ಮಾಡುವ ನಾನು ಅಳೆದದ್ದನ್ನು ತಾವು ಮತ್ತೆ ಅಳೆಯದೆ ಒಂದು ದಿನವೂ ಬಿಟ್ಟಿಲ್ಲ. ಹೋದ ವಾರ ಮಾತ್ರ ಒಂದು ಸ್ಲೈಡನ್ನು ನನ್ನ ಮುಂದಿಟ್ಟು, “ಭುವನಾ, ಇದ ನೀನೇ ಅಳೀಮ್ಮಾ” ಎಂದು ಆಚೆ ಹೋಗಿ ನಿಂತರು. ಚೀಟಿಯಲ್ಲಿ ಅವರ ಹೆಂಡತಿಯ ಹೆಸರಿತ್ತು. ಅಳೆದೆ; ನೂರೂ ಸಣ್ಣವೇ. “ನೀವೂ ಒಂದ್ಸಲ ನೋಡಿ ಅಣ್ಣಾ” ಎಂದು ಕರೆದೆ. “ಬೆಳಿಗ್ಗೇನೇ ಮೂರ್ ಸಲ ಅಳ್ದೆ ಕಣಮ್ಮಾ. ಮೂರ್ ಸಲಾನೂ ಸಣ್ಣಗೇ ಬಂತು. ಅದ್ಕೇ ನಂಬಕ್ಕಾಗ್ಲಿಲ್ಲ” ಎಂದರು.