ಹಿತ್ತಲಿನ ಕೆಂಪು ಪುಂಡಿ

ಆಳಂದದಲ್ಲಿ ನಮ್ಮ ಮನೆಗೂ ನಾವು ಚಿಕ್ಕಮ್ಮನ ಹಾಗೆ ಖಾಲಾ ಅಂತ ಕರೆಯುವ ಪಕ್ಕದವರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ನಾನು ಮದುವೆಯಾಗಿ ಹಿರೋಳ್ಳಿಯಿಂದ ಬಂದಾಗಿನಿಂದಲೂ ಆ ಗೋಡೆಯ ಮೇಲೆ ಪಲ್ಯದ ಬಟ್ಟಲುಗಳು ಆಚೀಚೆ ಓಡಾಡಿಕೊಂಡೇ ಇವೆ. ಒಂದು ಮಳೆಗಾಲದ ಆರಂಭದಲ್ಲಿ ಖಾಲಾ ಬಟ್ಟಲಿನ ಬದಲು ಒಂದು ಬಟ್ಟೆಗಂಟು ಚಾಚಿದರು. ಒಳಗೆ ಪುಂಡಿ ಸೊಪ್ಪಿನ ಬೀಜ. ಕೆಂಪು ದಂಟಿನದು, ಜೇವರ್ಗಿ ಕಡೆಯ ತಮ್ಮ ತವರಿನಿಂದ ತರಿಸಿದ್ದು.

"ಬೇಟಿ, ನಮ್ಮ ಹಿತ್ತಲಕ್ಕ ಪೂರಾ ಫರ್ಸಿ ಕಲ್ಲು ಹಾಕ್ಸೇವಿ, ಮಣ್ಣೇ ಇಲ್ಲ. ನಿನ್ನ ಕಡೆ ಹಾಕು. ಮಗಳ ಶಾದಿಗೆ ಹಳದಿ ಹಚ್ಚೋ ದಿನ ಇದರದೇ ಗೋಷ್ತ್ ಮಾಡಬೇಕಂತ ಆಸೆ ಅದ. ನನ್ನ ಶಾದಿಗೆ ನಮ್ಮ ಅಮ್ಮಿ ಮಾಡಿದ್ದಳು."

ನಾವು ಮಾಂಸ ತಿನ್ನುವವರಲ್ಲ. ನಮ್ಮಲ್ಲಿ ಪುಂಡಿ ಅಂದರೆ ಜೋಳದ ನುಚ್ಚು ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪಲ್ಯ. ಆದರೆ ತಾಯಿಯ ಕೈರುಚಿ ನೆನೆದು ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಹಿಂದೆ ಎತ್ತು ಕಟ್ಟುತ್ತಿದ್ದ ಜಾಗವನ್ನು ಅಗೆದು, ಕಲ್ಲು ಆರಿಸಿ, ಬೀಜ ಚೆಲ್ಲಿದೆ. ವಾರ ಕಳೆಯುವುದರೊಳಗೆ ಮೊಳಕೆ ಎದ್ದವು. ಗೇಣುದ್ದ ಆದಾಗ ದಂಟಿನ ಕೆಂಪು ದೂರಕ್ಕೇ ಕಾಣುತ್ತಿತ್ತು. ಮಳೆ ಮಾತ್ರ ಎರಡು ಸಲ ಬಂದು ಹಿಂದೆ ಸರಿದಿತ್ತು.

ಆಮೇಲೆ ಒಂದು ಮಧ್ಯಾಹ್ನ ನೋಡಿದರೆ ಗಿಡಗಳೆಲ್ಲ ಕುತ್ತಿಗೆ ಜೋತುಬಿಟ್ಟುಕೊಂಡು ನಿಂತಿವೆ. ನೀರು ಸಾಲದು ಅಂದುಕೊಂಡು ಬೆಳಗಿನ ಕೊಡದ ಜೊತೆ ಇನ್ನೊಂದು ಕೊಡ ಹಾಕತೊಡಗಿದೆ. ಮತ್ತಷ್ಟು ಬಾಡಿದವು. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಹೋಗೋರು ಬರೋರು ಎಲ್ಲಾರೂ ಎಷ್ಟ ಚಂದ ಬಂದಾವ ಅಂತಿದ್ರು. ದೃಷ್ಟಿ ತಾಕ್ಯಾದ," ಅಂದರು. ಖಾಲಾ ದಿನಕ್ಕೆ ನಾಲ್ಕು ಸಲ ಗೋಡೆಯಾಚೆ ಬಂದು ಗಿಡ ನೋಡಿ ಹೋಗುತ್ತಿದ್ದರು. ಅದು ನನ್ನನ್ನು ಹೆಚ್ಚು ಚುಚ್ಚಿತು.

ನಮ್ಮಪ್ಪ ತೊಗರಿ ಬಾಡಿದರೆ ಬಿಸಿಲಿನಲ್ಲಿ ನೋಡಿ ಗಾಬರಿಯಾಗುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊಲಕ್ಕೆ ಹೋಗಿ ನೋಡುತ್ತಿದ್ದ. ಬಿಸಿಲಿಗೆ ಬಾಡಿದ್ದು ತಂಪಿಗೆ ಏಳುತ್ತದೆ. ತಂಪಿನಲ್ಲೂ ಏಳದಿದ್ದರೆ ಬೇರಿಗೇ ಏನೋ ಆಗಿದೆ ಅಂತ ಅರ್ಥ. ಅದು ನೆನಪಾಗಿ ಮರುದಿನ ಚಹಾಕ್ಕೂ ಕಾಯದೆ ಹಿತ್ತಲಿಗೆ ಹೋದೆ. ಅರ್ಧದಷ್ಟು ಗಿಡ ನೆಟ್ಟಗೆ ನಿಂತಿದ್ದವು. ಗೋಡೆಯ ಕಡೆಯವು ಮಲಗಿದಲ್ಲೇ ಇದ್ದವು.

ಮಲಗಿದ್ದರಲ್ಲಿ ಒಂದನ್ನು ಕಿತ್ತು ದಂಟನ್ನು ಉದ್ದಕ್ಕೆ ಸೀಳಿದೆ. ಒಳಗೆ ಹುಳ ಇರಲಿಲ್ಲ. ಬುಡ ಕೆದಕಿದೆ, ಅಲ್ಲೂ ಹುಳ ಇಲ್ಲ. ಬೇರು ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಕೈಗೇ ಬಂತು, ಕೊಳೆತ ವಾಸನೆ. ಮೇಲೆ ಮಣ್ಣು ರಾತ್ರಿಯ ಗಾಳಿಗೆ ತೆಳುವಾಗಿ ಒಣಗಿತ್ತು. ಬೆರಳು ಇಳಿಸಿದರೆ ಒಳಗೆಲ್ಲ ನಾದಿದ ಹಿಟ್ಟಿನ ಹಾಗೆ ಹಸಿ. ನಮ್ಮ ಎರೆಮಣ್ಣು ಮೇಲೊಂದು ತೋರಿಸುತ್ತದೆ, ಒಳಗೊಂದು ಇಟ್ಟುಕೊಳ್ಳುತ್ತದೆ. ಆದರೂ ನನ್ನ ಎರಡು ಕೊಡಕ್ಕೆ ಇಷ್ಟು ಕೆಸರಾಗುವುದಿಲ್ಲವಲ್ಲ!

"ಅತ್ತಿ, ನೀವೇನರ ನೀರ ಹಾಕಾಕತ್ತೀರೇನ್ರಿ?" ಅಂತ ಕೇಳಿದೆ.

"ಹೂಂ, ದಿನಾ ಸಂಜೀಕ. ನೀ ಮಷಿನ್ ಮ್ಯಾಲ ಬ್ಲೌಸ್ ಹೊಲಕೋತ ಕುಂತಿರ್ತಿ, ಮರೀತಿ ಅಂತ," ಅಂದರು ಅತ್ತೆ.

ಗೋಡೆಯಾಚೆಯಿಂದ ಖಾಲಾ ದನಿ ಬಂತು. "ಯಾ ಅಲ್ಲಾ! ನಾನೂ ಮಧ್ಯಾಹ್ನ ಪೈಪ್ ಬಿಡಾಕತ್ತೇನಲ್ಲ ಬೇಟಿ! ಬಾಡಿದ್ದು ನೋಡಿ ಜೀವ ತಡೀಲಿಲ್ಲ."

ಹಾಗಾದರೆ ದಿನವೂ ಮೂವರ ನೀರು! ಮೊದಲು ನಕ್ಕವರು ಅತ್ತೆ. ಆಮೇಲೆ ಮೂವರಿಗೂ ನಗು ತಡೆಯಲಿಲ್ಲ.

ನಗು ನಿಂತ ಮೇಲೆ ನಾನು ಹೇಳಿದೆ, "ಇನ್ನ ಮ್ಯಾಲ ನಾ ಹೇಳೋತನಕ ಯಾರೂ ಒಂದ ಹನಿ ನೀರ ಹಾಕಬಾರದ್ರಿ." ಆ ಇಬ್ಬರು ಹಿರಿಯರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಇಬ್ಬರೂ ಶಾಲೆ ಮಕ್ಕಳ ಹಾಗೆ ತಲೆ ಆಡಿಸಿದರು.

ಕೊಳೆತ ಗಿಡಗಳನ್ನು ಬೇರುಸಹಿತ ಕಿತ್ತು ದೂರ ಎಸೆದೆ. ಉಳಿದವುಗಳ ನಡುವೆ ಮಣ್ಣು ಸಡಿಲಿಸಿ, ನೀರು ಹೊರಗೆ ಹರಿದುಹೋಗುವಂತೆ ಸಣ್ಣ ಕಾಲುವೆ ತೆಗೆದೆ. ಗೋಡೆಯ ಬುಡದ ಜಾಗ ಖಾಲಿ ಬಿಟ್ಟು, ಬಾಗಿಲ ಬದಿಗೆ ಎತ್ತರದ ಮಡಿ ಕಟ್ಟಿ, ಹಳೆ ತಿಪ್ಪೆಗೊಬ್ಬರ ಬೆರೆಸಿ, ಗಂಟಿನಲ್ಲಿ ಉಳಿದಿದ್ದ ಬೀಜ ಹಾಕಿದೆ. ಬೆರಳು ಇಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಅತ್ತೆಯ ಕೈ ಎಷ್ಟೋ ಸಂಜೆ ತಂಬಿಗೆಯ ಕಡೆ ಹೋಗಿ, ನನ್ನ ಮುಖ ನೋಡಿ ವಾಪಸಾಗುತ್ತಿತ್ತು. ಕೆಲವು ಗಿಡ ನನ್ನ ಕೈಮೀರಿ ಹೋದವು. ಉಳಿದವು ತುದಿಯಲ್ಲಿ ಹೊಸ ಎಲೆ ಬಿಟ್ಟಾಗ ಮಾತ್ರ ನನಗೆ ಸಮಾಧಾನವಾಯಿತು.

ಹಳದಿಯ ಹಿಂದಿನ ದಿನ ಖಾಲಾ, ಅತ್ತೆ, ನಾನು ಕೂತು ಎಲೆ ಬಿಡಿಸಿದೆವು. ಬುಟ್ಟಿಗಳು ತುಂಬಿ, ಚಾದರ ಹಾಸಿ ಅದರ ಮೇಲೆ ಸುರಿಯಬೇಕಾಯಿತು. ಮರುದಿನ ಖಾಲಾ ಗೋಷ್ತಿಗೆ ಒಲೆ ಹೊತ್ತಿಸುವ ಮೊದಲೇ ನಮಗೆಂದು ಬೇರೆ ಹೊಸ ಪಾತ್ರೆಯಲ್ಲಿ ತೊಗರಿಬೇಳೆ ಹಾಕಿ ಪುಂಡಿ ಬೇಯಿಸಿದ್ದರು. ಖಾಲಾ ಗೋಷ್ತಿನ ಮೊದಲ ತುತ್ತು ಬಾಯಿಗಿಟ್ಟರು. "ಅಮ್ಮಿ ಕೈರುಚಿನೇ ಅದ," ಅಂದು ಕಣ್ಣು ಒರೆಸಿಕೊಂಡರು.

ಯಡ್ರಾಮಿಯಿಂದ ಬಂದಿದ್ದ ಅವರ ಬೀಗಿತ್ತಿ ಪುಂಡಿಯ ರುಚಿ ನೋಡಿ ಕೇಳಿದರು, "ಇಂಥ ಅಂಬಾಡಿ ಎಲ್ಲಿ ಸಿಕ್ತ್ರಿ? ಬಜಾರದಾಗ ಸಿಗಂಗಿಲ್ಲ ಇದು."

ಖಾಲಾ ಬಾಯಿ ತೆರೆಯುವಷ್ಟರಲ್ಲಿ ನಮ್ಮತ್ತೆಯೇ ಅಂದರು, "ನಮ್ಮ ಸೊಸಿ ಬೆಳೆಸ್ಯಾಳ್ರಿ. ನಾವಿಬ್ಬರೂ ಮುದುಕೇರು ನೀರ ಹಾಕಿ ಹಾಕಿ ಕೊಲ್ಲಾಕ ಹೊಂಟಿದ್ವಿ. ಆಕಿ ಉಳಿಸಿದಳು."

ಇಪ್ಪತ್ತು ಮಂದಿ ಹೆಂಗಸರು ನನ್ನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸುತ್ತಿದ್ದೆ. ಅಂದು ತಗ್ಗಿಸಲಿಲ್ಲ.

"ಹೌದ್ರಿ, ನಾನೇ ಬೆಳೆಸೇನಿ," ಅಂದೆ.