ಒಂದು ಲೀಟರ್ ನೀರಿನಲ್ಲಿ ಕೊಹಿನೂರಿಗೆ

ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಏಳೂಕಾಲಿಗೆ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಾನೂ ನಮ್ಮ ಮನೆಯವರೂ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದೆವು. ಅವರು ನಿಂತಿದ್ದರು, ನಾನು ಕಟ್ಟೆ ಹಿಡಿದು ಕೂತಿದ್ದೆ. ಚಳಿ ಊರಿಗೆಲ್ಲ ಇತ್ತು, ನನಗೆ ಒಂದು ಪಾಲು ಜಾಸ್ತಿ. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಅವರ ಮಫ್ಲರು. ಕಾಲಿಗೆ ಮಾತ್ರ ಅವರ ಹಳೆಯ ರಬ್ಬರ್ ಚಪ್ಪಲಿ, ಯಾಕೆಂದರೆ ನನ್ನ ಚಪ್ಪಲಿಯಲ್ಲಿ ನನ್ನ ಪಾದ ಹಿಡಿಸುವುದು ನಿಂತು ಆರು ತಿಂಗಳಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡೂ ಕಿಡ್ನಿಗಳು ಸೋಲುತ್ತಿವೆ. ಬಿಪಿ ಇದೆ ಎಂಬುದೇ ಗೊತ್ತಿಲ್ಲದೆ ವರ್ಷಗಟ್ಟಲೆ ಹೊಲಿಗೆ ಮಷಿನ್ ತುಳಿದೆ. ಹುಮನಾಬಾದಿನ ಅರ್ಧ ಹೆಂಗಸರ ರವಿಕೆ ಹೊಲಿದೆ, ನನ್ನ ಒಳಗಿನ ಬಟ್ಟೆ ಹರಿಯುತ್ತಿರುವುದು ಕಾಣಲಿಲ್ಲ. ಈಗ ಬೆಳಿಗ್ಗೆ ಎದ್ದರೆ ಕಣ್ಣ ಕೆಳಗೆ ಬಾವು, ಬಾಯಲ್ಲಿ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ. ಮೈ ಕೆರೆತಕ್ಕೆ ಹೊತ್ತುಗೊತ್ತಿಲ್ಲ. ಬಟ್ಟೆ ಅಳೆಯುವ ಮರದ ಸ್ಕೇಲಿನಿಂದಲೇ ಬೆನ್ನು ಕೆರೆದುಕೊಳ್ಳುತ್ತೇನೆ, ಗಿರಾಕಿಗಳು ಇದ್ದರೂ ಸೈ. ನಾಲ್ಕು ಹೆಜ್ಜೆ ನಡೆದರೆ ಮೈಯಲ್ಲಿನ ಕಸುವೆಲ್ಲ ಯಾರೋ ಹಿಂಡಿಕೊಂಡ ಹಾಗಾಗುತ್ತದೆ.

ಕಲಬುರಗಿಯಿಂದ ವಾರಕ್ಕೊಮ್ಮೆ ನಮ್ಮೂರಿಗೆ ಬರುವ ಡಾಕ್ಟರು, ಡಯಾಲಿಸಿಸ್ ಶುರುವಾಗುವ ದಿನ ದೂರವಿಲ್ಲ ಎಂದಿದ್ದರು. ದಿನಕ್ಕೆ ಒಂದೇ ಲೀಟರ್ ನೀರು. ಚಹಾ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ ಬರಬೇಕು. ಬಾಳೆಹಣ್ಣು, ಎಳನೀರು ಮುಟ್ಟಲೇಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಪ್ಪುತ್ತದಂತೆ. ಡಯಾಲಿಸಿಸ್ ಶುರುವಾದರೆ ವಾರಕ್ಕೆ ಮೂರು ದಿನ ಮಂಚಕ್ಕೆ ಕಟ್ಟುಬೀಳಬೇಕು. ಅದಕ್ಕೂ ಮುಂಚೆ ಒಮ್ಮೆ ಕೊಹಿನೂರಿಗೆ ಹೋಗಿ, ಅಕ್ಕನ ಹೊಲದಲ್ಲಿ ಕೂತು ಎಳ್ಳಮಾವಾಸ್ಯೆಯ ಅಂಬಲಿ ಕುಡಿದು ಬರಬೇಕು ಎಂದು ನಾನು ಹಟ ಹಿಡಿದೆ. ಡಾಕ್ಟರು ನಕ್ಕು, "ಉಪ್ಪಿಲ್ಲದ್ದು ಒಂದೇ ಸಣ್ಣ ಲೋಟ, ಅದೂ ಆ ಲೀಟರಿನೊಳಗೇ" ಎಂದರು.

ಬಸ್ಸು ಎಂಟಕ್ಕೆ ಹೊರಟಿತು. ನನ್ನದು ಹೆಂಗಸರ ಬಿಟ್ಟಿ ಟಿಕೇಟು, ಅವರದು ದುಡ್ಡಿನದು. "ನಿನ್ನ ಸಾಮಾನು ಹೊರೋದೂ ನಾನೇ, ಟಿಕೇಟ್ ತೆಗೆಸೋದೂ ನಾನೇ" ಎಂದು ಗೊಣಗಿದರು. ಸಾಮಾನೆಂದರೆ ಒಂದು ತಿಂಡಿಯ ಡಬ್ಬಿ, ಒಂದು ನೀರಿನ ಬಾಟಲಿ. ಗಡಿಯಾರ ರಿಪೇರಿ ಮಾಡುವ ಮನುಷ್ಯ, ಅಳತೆಯಲ್ಲಿ ಕೂದಲೆಳೆಯಷ್ಟೂ ಬಿಡುವವರಲ್ಲ. ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಯಾವ ಗೆರೆಗೆ ಎಷ್ಟು ಗಂಟೆ ಎಂದು ಬರೆದಿದ್ದರು. ನಾನು ಆ ದಿನ ಅಂಬಲಿಗಾಗಿ ನೀರು ಉಳಿಸುತ್ತಿದ್ದೆ. ಬಾಯಿ ಒಣಗಿದಾಗ ಒಂದು ಗುಟುಕು ಮುಕ್ಕಳಿಸಿ ಕಿಟಕಿಯಿಂದ ಉಗುಳಿದರೆ, ಪಕ್ಕದಲ್ಲಿದ್ದ ಹುಲಸೂರಿನ ಹೆಂಗಸು ನೋಡಿಯೇ ನೋಡಿದಳು.

"ಚೊಲೋ ನೀರು ಯಾಕ ಉಗಳ್ತೀರಿ ಅಕ್ಕಾರ? ಕುಡೀರಿ." ಎಂದು ಹೇಳಿ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಉಡಿಗೆ ಹಾಕಿದಳು. ಒಲ್ಲೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಉಪವಾಸ ಎಂದು ಹೇಳಿ ಹಣ್ಣನ್ನು ಮನೆಯವರಿಗೆ ದಾಟಿಸಿದೆ. ಅವರು ಎರಡನ್ನೂ ತಿಂದು, "ನಿನ್ನ ರೋಗದಾಗ ನಾ ದಪ್ಪ ಆಗಾಕತ್ತೀನಿ ನೋಡು" ಎಂದರು.

ಮೂವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಎರಡೂ ಕಡೆ ತೊಗರಿ, ಕಡಲೆ, ತೆನೆ ಕಟ್ಟುತ್ತಿದ್ದ ಬಿಳಿಜೋಳ. ಟ್ರ್ಯಾಕ್ಟರಿನ ತುಂಬ ಹೊಸ ಸೀರೆಯ ಹೆಂಗಸರು, ಅವರ ನಡುವೆ ಬಿಳಿ ಬಟ್ಟೆ ಸುತ್ತಿದ ಅಂಬಲಿ ಗಡಿಗೆಗಳು. ಬಸವಕಲ್ಯಾಣದಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಹಬ್ಬದ ದಿನ, ಹೋಟೆಲುಗಳೆಲ್ಲ ಖಾಲಿ. ಮನೆಯವರು ಒಂದು ಪ್ಲೇಟು ಚುರುಮುರಿಯ ಸುಸಲಾ ತಿಂದರು, ನಾನು ಮನೆಯಿಂದ ತಂದ ಉಪ್ಪಿಲ್ಲದ ಉಪ್ಪಿಟ್ಟು ತಿಂದೆ. ಉಪ್ಪಿಲ್ಲದ ಉಪ್ಪಿಟ್ಟಿಗೆ ಆ ಹೆಸರು ಯಾಕೆ ಎಂದು ದಿನಾ ಬೈದುಕೊಂಡೇ ತಿನ್ನುತ್ತೇನೆ. ಕೊಹಿನೂರಿನ ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ಮೀನಖಂಡ ಹಿಡಿದುಕೊಂಡು "ಅಯ್ಯಯ್ಯೋ" ಎಂದು ಕೂಗಿದೆ. ಕಂಡಕ್ಟರು ಪಾಪ, ಸೀಟಿ ಊದದೆ ಕಾಲಿನ ಸೆಳೆತ ಬಿಡುವ ತನಕ ನಿಂತ.

ದಾರಿಯುದ್ದಕ್ಕೂ ನನ್ನ ಎದೆಯಲ್ಲಿ ಒಂದು ಅಳುಕು ಇತ್ತು. ಅಕ್ಕನಿಗೆ ನಾನು ನಿಜ ಹೇಳಿರಲಿಲ್ಲ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಚಂದ್ರಕಲಕ್ಕನಿಗೆ ಹದಿನಾಲ್ಕು. ಹೇನು ತೆಗೆದು ತಲೆ ಬಾಚಿದವಳು, ಉಣಿಸಿದವಳು, ಬಡಿದವಳು ಎಲ್ಲ ಅವಳೇ. ರೋಗ ಗೊತ್ತಾದ ವರ್ಷ ಫೋನಿನಲ್ಲಿ ಕೇಳಿದಾಗ, "ಕಿಡ್ನ್ಯಾಗ ಹರಳು ಆಗ್ಯಾವ ಅಕ್ಕಾ, ಕರಗಿ ಹೋಗ್ತಾವ" ಎಂದು ಸುಳ್ಳು ಹೇಳಿದ್ದೆ. ನಮ್ಮ ಕಡೆ ಹರಳು ಇಲ್ಲದ ಮನೆಯಿಲ್ಲ, ಅದಕ್ಕೆ ಯಾರೂ ಹೆದರುವುದಿಲ್ಲ. ಅವಳು ನಂಬಿದಳು. ನಾನೂ ಅಷ್ಟಕ್ಕೇ ಬಿಟ್ಟೆ.

ಹನ್ನೊಂದೂವರೆಗೆ ಹೊಲ ಮುಟ್ಟಿದೆವು. ಜೋಳದ ದಂಟಿನ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳ ಪೂಜೆ ಮುಗಿದಿತ್ತು. ಭಾವ ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ ಬಂದು ಕೈಕಾಲು ತೊಳೆಯುತ್ತಿದ್ದರು. ಅಕ್ಕ ಓಡಿ ಬಂದು ನನ್ನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. "ಮಾರಿ ಎಷ್ಟ ತುಂಬ್ಯಾದ ನನ ಕೂಸಿಂದು! ಮೈ ಹಿಡದಾದ ನೋಡ್ರಿ" ಎಂದು ಭಾವನಿಗೆ ತೋರಿಸಿದಳು. ಅದು ಬಾವು ಎಂದು ಯಾರು ಹೇಳಬೇಕು?

ನಂತರ ಬೇವಿನ ಮರದ ಕಡೆ ಕೈ ತೋರಿಸಿದಳು. ನೆರಳಲ್ಲಿ ಹನ್ನೊಂದು ಎಳನೀರು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಒಂದು ಕೊಡ ಹುರುಳಿಕಟ್ಟು, ಒಂದು ದೊಡ್ಡ ಬಾಟಲಿ ಬಾಳೆದಿಂಡಿನ ರಸ. "ಎಲ್ಲಾ ನಿನಗ. ಸಂಜಿ ತನಕ ಕುಡದ್ರ ಹರಳು ಗಳಗಳ ಉದರ್ತಾವಂತ. ಐದ ದಿನದಿಂದ ಕಲ್ಯಾಣಕ್ಕ ಓಡ್ಯಾಡಾಕತ್ತೀನಿ. ದಿಂಡು ಸಿಗಲಾರದ್ದಕ್ಕ ಹುಲಸೂರಿಗೂ ಹೋಗಿ ಬಂದೆ."

ನನ್ನ ಸುಳ್ಳು ಹನ್ನೊಂದು ಕಾಯಾಗಿ ನನ್ನ ಎದುರು ಕೂತಿತ್ತು. ಅಕ್ಕ ಕೊಡಲಿಯಿಂದ ಒಂದನ್ನು ಕೆತ್ತಿ ಕೈಗಿಟ್ಟಳು. ಬೆಳಗಿನಿಂದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎಳನೀರಿನ ತಂಪು ಅಂಗೈಗೆ ತಾಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಲ್ಲೆ ಎನ್ನಲಾರದ್ದು ಅಕ್ಕನಿಗೆ ಮಾತ್ರ ಅಲ್ಲ, ಆ ನೀರಿಗೂ. ಒಂದು ಕಾಯಿಗೆ ಏನಾಗುತ್ತದೆ ಎನ್ನಿಸಿತು. ತುಟಿಗೆ ಹಚ್ಚಿದೆ.

"ಸರೂ." ಮನೆಯವರು ಇಷ್ಟೇ ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಕಾಯಿ ಕೆಳಗಿಟ್ಟೆ.

"ಯಾಕವ್ವ? ಛಲೋ ಇಲ್ಲೇನು?" ಅಕ್ಕನ ಮುಖ ಇಳಿಯಿತು.

"ಅಕ್ಕಾ, ನನಗ ಹರಳು ಇಲ್ಲ. ಸುಳ್ಳ ಹೇಳಿದ್ದೆ."

ಉಳಿದದ್ದನ್ನು ಮನೆಯವರು ಹೇಳಿದರು. ಕಿಡ್ನಿ ಕೆಲಸ ಬಿಡುತ್ತಿರುವುದು, ಒಂದು ಲೀಟರ್ ನೀರು, ಎಳನೀರು ಯಾಕೆ ವಿಷ, ಮುಂದೆ ಡಯಾಲಿಸಿಸ್, ಅದು ಬೇಡವೆಂದರೆ ಇನ್ನೊಬ್ಬರ ಕಿಡ್ನಿ ಹಾಕಬೇಕು ಎಂಬುದು. ಗಡಿಯಾರ ಬಿಚ್ಚಿಟ್ಟ ಹಾಗೆ ಒಂದೊಂದನ್ನೇ ಬಿಡಿಸಿ ಹೇಳಿದರು. ಅಕ್ಕ ಕೊಡಲಿ ಹಿಡಿದೇ ಕೇಳಿದಳು. ಮುಗಿದ ಮೇಲೆ ನನ್ನ ಬೆನ್ನಿಗೆ ಧಪ್ಪನೆ ಒಂದು ಏಟು ಹಾಕಿದಳು.

"ಹೊರಗಿನಾಕಿ ಮಾಡಿದೆಲ್ಲ ನನಗ! ಈಗ ಒಂದ ಕಾಯಿ ಕುಡದು ನೀ ಇಲ್ಲೇ ಬಿದ್ದಿದ್ರ? ನನ ಕೈಲೆ ಕೊಲ್ಲಸ್ತಿದ್ದೆಲ್ಲ!" ಹಾಗೆಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಭಾವ ಏನೂ ತೋಚದೆ ಎಳನೀರುಗಳನ್ನು ಒಂದೊಂದಾಗಿ ಎತ್ತಿ ಟ್ರ್ಯಾಕ್ಟರಿಗೆ ಹಾಕಿದರು.

ಉಣ್ಣಲು ಕೂತಾಗ ಅಕ್ಕ ನನ್ನೊಂದಿಗೆ ಮಾತಾಡಲಿಲ್ಲ. ಭಜ್ಜಿ ಪಲ್ಯದಲ್ಲಿ ಹತ್ತೆಂಟು ಬಗೆಯ ಸೊಪ್ಪು, ಕಾಳು. ನನಗೆ ಅದೂ ಆಗದು. ಒಂದು ಚೂರು ಸಜ್ಜೆಕಡುಬು ಹಾಕಿ, ಬಿಪಿ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಬೇರೆ ತೆಗೆದಿಟ್ಟಿದ್ದ ಉಪ್ಪಿಲ್ಲದ ಅಂಬಲಿಯನ್ನು ಸಣ್ಣ ಲೋಟಕ್ಕೆ ಬಗ್ಗಿಸಿದಳು. ಹುಳಿ ಮಜ್ಜಿಗೆ, ಜೋಳದ ಹಿಟ್ಟು, ಜಜ್ಜಿದ ಬೆಳ್ಳುಳ್ಳಿ. ತುಕ್ಕಿನ ಬಾಯಿಗೂ ರುಚಿ ಹತ್ತಿತು. ಅರ್ಧ ತಾಸು ಗುಟುಕು ಗುಟುಕಾಗಿ ಕುಡಿದೆ. ಸುಖವಾಯಿತು, ಖರೇ ಸುಖವಾಯಿತು. ಆದರೆ ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ಅವಳು ಬೈದರೆ ತಡೆದುಕೊಳ್ಳಬಹುದು, ಸುಮ್ಮನಿದ್ದರೆ ಆಗುವುದಿಲ್ಲ.

ನಾಲ್ಕಕ್ಕೆ ಭಾವ ನಮ್ಮನ್ನು ಟ್ರ್ಯಾಕ್ಟರಿನಲ್ಲಿ ಬಸ್ ಸ್ಟಾಪಿನ ಹತ್ತಿರ ಬಿಟ್ಟರು. ಅಕ್ಕ ಮೊದಲೇ ಮನೆಗೆ ಹೋಗಿದ್ದಳು. ಬೀಳ್ಕೊಡಲೂ ಬರಲಿಲ್ಲವಲ್ಲ, ಇಷ್ಟೊಂದು ಸಿಟ್ಟೇ ಎಂದು ನನಗೆ ಮತ್ತೆ ಅಳು ಬಂತು. ಬಸ್ಸು ಬಂತು. ನಾನು ಕಂಬಿ ಹಿಡಿದು ಮೇಲೆ ಹತ್ತಿದೆ.

ಒಳಗೆ ನೋಡಿದರೆ ಮೂರು ಮಂದಿಯ ಸೀಟಿನಲ್ಲಿ ಟವೆಲ್ಲು ಹಾಸಿಕೊಂಡು ಅಕ್ಕ ಕೂತಿದ್ದಾಳೆ! ಹಿಂದಿನ ಸ್ಟಾಪಿನಲ್ಲೇ ಹತ್ತಿದ್ದಳಂತೆ. ಒಗೆದ ಸೀರೆ, ಮಡಿಲಲ್ಲಿ ವಾಯರಿನ ಚೀಲ.

"ಎಲ್ಲಿಗಿ ಹೊಂಟಿ?"

"ನಿಮ್ಮೂರಿಗಿ. ನಾಳಿಗಿ ನಿನ ಡಾಕ್ಟರ್ ಬರ್ತಾರಂತಲ್ಲ. ನನಗ ಎರಡ ಕಿಡ್ನಿ ಅದಾವ. ಒಂದು ನಿನಗ ನಡೀತದೇನು ಕೇಳ್ತೀನಿ."

ಈ ಮಾತು ಬರುತ್ತದೆ ಎಂದು ಹೆದರಿಯೇ ನಾನು ಹರಳಿನ ಕಥೆ ಕಟ್ಟಿದ್ದು. "ನಿನಗ ಅರವತ್ತೆರಡು ಅಕ್ಕಾ. ಹುಚ್ಚೇನು? ನಾ ಒಲ್ಲೆ" ಎಂದೆ. ಅವತ್ತು ಮೊದಲ ಸಲ ಆ ಮಾತು ನನ್ನ ಬಾಯಿಂದ ಗಟ್ಟಿಯಾಗಿ ಬಂತು.

"ಡಾಕ್ಟರ್ ಬ್ಯಾಡ ಅಂದ್ರ ಹೊಳ್ಳಿ ಬರ್ತೀನಿ. ಒಲ್ಲೆ ಅನ್ನಾಕ ನೀ ಯಾರ?" ಎಂದಳು ಅಕ್ಕ.

ಬಸ್ಸು ಹೊರಟಿತು. ಹಿಂದೆ ಭಾವ ಟ್ರ್ಯಾಕ್ಟರಿನ ಪಕ್ಕ ನಿಂತು ತಲೆಯ ರುಮಾಲು ಬಿಚ್ಚಿ ಬೀಸುತ್ತಿದ್ದರು. ಅಕ್ಕ ಅತ್ತ ನೋಡಲಿಲ್ಲ. ಬಗ್ಗಿ ನನ್ನ ಎರಡೂ ಕಾಲು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು. ಅದನ್ನು ನೋಡಿ ಅವಳು ಮೆಲ್ಲಗೆ ಅಂಗೈಯಿಂದ ಮುಚ್ಚಿ ಸವರತೊಡಗಿದಳು.

"ಬಿಡು ಅಕ್ಕಾ, ಮಂದಿ ನೋಡಾಕತ್ತಾರ."

"ನೋಡ್ಲಿ" ಎಂದಳು. ಕಲ್ಯಾಣ ಬರುವ ತನಕ ಕೈ ತೆಗೆಯಲಿಲ್ಲ.