ಕಲ್ಲಿಗೆ ಅಂಟಿದ್ದು

ಬೆಲ್ಟು ಬಿಸಿಯಾದಾಗ ಬರುವ ರಬ್ಬರಿನ ವಾಸನೆ, ಅದರ ಜೊತೆಗೆ ಉದ್ದಿನಬೇಳೆ ನುಣ್ಣಗಾಗುವಾಗಿನ ಹಸಿ ವಾಸನೆ… ಇವೆರಡೂ ಒಟ್ಟಿಗೆ ಮೂಗಿಗೆ ಬಡಿದು ಎಷ್ಟೋ ವರ್ಷಗಳಾಗಿದ್ದವು. ನಮ್ಮ ಮನೆಗೆ ಈಗ ದೋಸೆ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಸೊಸೆಯನ್ನು ದೂರುತ್ತಿಲ್ಲ. ಕರೆಂಟು, ನೀರು, ಹೊತ್ತು ಎಲ್ಲ ಸೇರಿಸಿ ನೋಡಿದರೆ ಪ್ಯಾಕೆಟ್ಟೇ ಲಾಭ, ಹಾಗಂತ ಅವಳಿಗೆ ಹೇಳಿಕೊಟ್ಟವಳೇ ನಾನು. ಆದರೆ ಹೋದ ತಿಂಗಳು ನನ್ನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರಿಗೆಲ್ಲ ಮನೆಯಲ್ಲೇ ಊಟ ಹಾಕೋಣ ಎಂದು ಬಾಲ್ಕನಿಯಲ್ಲಿ ಮುಸುಕು ಹೊದ್ದು ಕೂತಿದ್ದ ಹಳೆಯ ಗ್ರೈಂಡರನ್ನು ತೊಳೆದು ಓಡಿಸಿದೆವು. ಬೆಲ್ಟು ಬಿಸಿಯಾಯಿತು. ಆರ್.ಎಸ್. ಪುರಂನ ಮೂರನೇ ಮಹಡಿಯಲ್ಲಿ ನಿಂತಿದ್ದ ನಾನು ಅದೇ ಊರಿನ ಇನ್ನೊಂದು ತುದಿಯ ಪೀಳಮೇಡಿನ ಲೈನ್ ಮನೆಯ ಹೊಸಿಲಿಗೆ ಹೋಗಿ ನಿಂತೆ. ಮುಖ ಬೆಚ್ಚಗಾಯಿತು. ನಾಚಿಕೆಯಿಂದ.

ಅದು ಎಂಬತ್ತರ ದಶಕ. ಒಂದು ನೂಲಿನ ಮಿಲ್ಲಿನ ಹಿಂದುಗಡೆ ಒಂದೇ ಹೆಂಚಿನ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಮನೆಗಳು. ಲೈನ್ ಮನೆ ಎನ್ನುತ್ತಿದ್ದರು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕನೇ ಮನೆಯಲ್ಲಿ ಸೀನುತ್ತಿದ್ದರು. ನನ್ನ ಗಂಡ ಆ ಮಿಲ್ಲಿನಲ್ಲಿ ಬದಲಿ ಆಳು. ಖಾಯಂ ಕೆಲಸಗಾರ ಬಾರದ ದಿನ ಮಾತ್ರ ಅವರಿಗೆ ಕೆಲಸ. ಅದಕ್ಕಾಗಿ ಶಿಫ್ಟು ಶಿಫ್ಟಿಗೂ ಗೇಟಿನ ಮುಂದೆ ಹೋಗಿ ನಿಲ್ಲಬೇಕು. ನಾವು ಪಲ್ಲಡದ ಕಡೆಯ ಬೇಸಾಯಗಾರರು, ತಲೆತಲಾಂತರದಿಂದ ತಮಿಳು ಸೀಮೆಯವರೇ ಆಗಿಹೋಗಿ ಮನೆಯೊಳಗೆ ಮಾತ್ರ ಕನ್ನಡ ಉಳಿಸಿಕೊಂಡವರು. ಲೈನಿನಲ್ಲಿ ನಮ್ಮ ಹಾಗೆ ಕನ್ನಡ ಆಡುವವರ ಮನೆ ಇನ್ನೊಂದೇ, ಕೊಟ್ಟಕೊನೆಯದು. ಆ ಮನೆಯ ಅಕ್ಕನ ಸಂಗತಿಯನ್ನೇ ನಾನು ಹೇಳಹೊರಟಿರುವುದು.

ಅಕ್ಕನ ಗಂಡ ಮೋಟಾರು ಮಾಡುವ ಕಡೆ ಫಿಟ್ಟರ್. ಯಾರೋ ಎಸೆದ ಮೋಟಾರನ್ನು ರಿಪೇರಿ ಮಾಡಿ, ಕಲ್ಲು ಕೂರಿಸಿ, ಹೆಂಡತಿಗೆಂದು ತಾವೇ ಒಂದು ಗ್ರೈಂಡರು ಕಟ್ಟಿದ್ದರು. ಲೈನಿಗೆಲ್ಲ ಅದೊಂದೇ. ಮಧ್ಯಾಹ್ನದ ಮೇಲೆ ಹೆಂಗಸರು ನೆನೆಸಿದ ಅಕ್ಕಿ, ಉದ್ದಿನ ಬೋಗಣಿಗಳನ್ನು ಸೊಂಟಕ್ಕಿಟ್ಟುಕೊಂಡು ಬಂದು ಅಕ್ಕನ ಜಗುಲಿಯಲ್ಲಿ ಸರದಿ ಕೂರುತ್ತಿದ್ದರು. ಅಕ್ಕ ಯಾರಿಂದಲೂ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಕಟ್ಟಳೆ: ಹಿಟ್ಟು ಬಳಿದುಕೊಂಡ ಮೇಲೆ ಕಲ್ಲಿಗೆ ಅಂಟಿ ಉಳಿದದ್ದು ಕಲ್ಲಿಗೇ ಸೇರಬೇಕು, ಉಜ್ಜಿ ಉಜ್ಜಿ ಬಳಿಯಬಾರದು. ಆ ಉಳಿಕೆಯನ್ನು ಅಕ್ಕ ಒಂದು ಪಾತ್ರೆಗೆ ಇಳಿಸಿ ಇಡುತ್ತಿದ್ದರು. ಬಾಣಂತಿ ಇರುವ ಮನೆಗೆ, ಜ್ವರ ಮಲಗಿಸಿದ ಮನೆಗೆ, ಸಾವಾಗಿ ಒಲೆ ಹಚ್ಚದ ಮನೆಗೆ ಅದರಿಂದ ದೋಸೆ ಹೋಗುತ್ತಿತ್ತು.

ನನಗೆ ಆಗಲೇ ವ್ಯಾಪಾರದ ಬುದ್ಧಿ. ಕೇಳದವರಿಗೂ ಸಲಹೆ ಕೊಡುವ ಚಟ ಅಂದಿನಿಂದಲೂ ಇದೆ. “ಅಕ್ಕಾ, ಕರೆಂಟು ನಿಮ್ಮದು, ಕಲ್ಲು ನಿಮ್ಮದು. ಬೋಗಣಿಗೆ ಇಷ್ಟು ಅಂತ ವಸೂಲಿ ಮಾಡಿ” ಎಂದಿದ್ದೆ.

ಅಕ್ಕ ಹಿಟ್ಟು ತಳ್ಳುತ್ತಲೇ ನಕ್ಕಿದ್ದರು. ಚಿಕ್ಕವರನ್ನು ಅಕ್ಕರೆಯಿಂದ ಅಮ್ಮಿಣಿ ಎನ್ನುವುದು ಆ ಕಡೆಯ ರೂಢಿ. “ಮಾಡಬೌದು ಅಮ್ಮಿಣಿ. ಆಮೇಲೆ ದುಡ್ಡಿಲ್ಲದವಳು ಬರೋದಿಲ್ಲ. ಅವಳು ಬರದಿದ್ರೆ, ಅವಳು ಹೆಂಗಿದಾಳೆ ಅಂತ ನಂಗೆ ಯಾರು ಹೇಳ್ತಾರೆ?”

ಅದೇನು ಲೆಕ್ಕಾಚಾರವೋ ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗುವ ಕಾಲ ಬೇಗ ಬಂತು.

ಮಿಲ್ಲಿನಲ್ಲಿ ಒಂದು ಶಿಫ್ಟನ್ನು ನಿಲ್ಲಿಸಿದರು. ಬದಲಿ ಆಳುಗಳನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸತೊಡಗಿದರು. ನನ್ನ ಗಂಡ ಊಟದ ಡಬ್ಬಿ ಹಿಡಿದು ಹೋಗುವರು, ಡಬ್ಬಿ ಹಿಡಿದೇ ಬರುವರು. ಆಮೇಲಾಮೇಲೆ ಡಬ್ಬಿ ಖಾಲಿಯಾಗಿಯೇ ಹೋಗುತ್ತಿತ್ತು. ಆದರೂ ತೆಗೆದುಕೊಂಡು ಹೋಗುತ್ತಿದ್ದರು, ಲೈನಿನವರು ನೋಡಲಿ ಎಂದು. ಗಂಡನಿಗೆ ಡಬ್ಬಿ ಹೇಗೋ ನನಗೆ ಬೋಗಣಿ ಹಾಗೆ. ಲೈನಿನಲ್ಲಿ ಒಬ್ಬಳು ವಾರವಿಡೀ ಗ್ರೈಂಡರಿಗೆ ಬರಲಿಲ್ಲವೆಂದರೆ ಅವಳ ಮನೆಯಲ್ಲಿ ಅಕ್ಕಿ ಇಲ್ಲ ಎಂದೇ ಅರ್ಥ. ಮರುದಿನ ಒಬ್ಬೊಬ್ಬರೇ ಬಂದು ಮುಖ ನೋಡುತ್ತಾರೆ. ಆ ನೋಟಕ್ಕಿಂತ ಹಸಿವೇ ವಾಸಿ ಎನ್ನಿಸುವ ವಯಸ್ಸು, ಅಹಂಕಾರ. ಅದಕ್ಕೆ ಒಂದು ಉಪಾಯ ಮಾಡಿದೆ. ದೊಡ್ಡ ಬೋಗಣಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ, ಕಂಠದವರೆಗೆ ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿ, ಭಾರಕ್ಕೆ ಬಾಗಿದವಳಂತೆ ನಡೆದು ಹೋಗಿ ಸರದಿಯಲ್ಲಿ ಕೂತೆ.

ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಕಲ್ಲಿಗೆ ಗೊತ್ತಾಯಿತು.

ಆ ಗ್ರೈಂಡರು ತುಂಬ ಹಾಕಿದರೆ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ನನ್ನ ಒಂದು ಹಿಡಿ ಅಕ್ಕಿ ಬಿದ್ದದ್ದೇ ಕಲ್ಲಿಗೆ ಕಲ್ಲು ತಾಗಿ ಕಡಕಡ ಕಡಕಡ ಎಂದು ಲೈನಿನ ಆ ತುದಿಯವರೆಗೂ ಕೇಳುವಂತೆ ಅರಚಿತು. ಜಗುಲಿಯಲ್ಲಿ ನಡೆಯುತ್ತಿದ್ದ ಮಾತು ನಿಂತುಹೋಯಿತು. ನಾನು ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದನ್ನು ನಾನು ಬಾಯಿಮಾತಿಗೆ ಅಂದವಳಲ್ಲ, ಅವತ್ತು ನಿಜವಾಗಿ ಬೇಡಿಕೊಂಡಿದ್ದೆ…

ಅಕ್ಕ ಎದ್ದು ಒಳಗೆ ಹೋದರು. ತಮ್ಮ ಮನೆಗೆಂದು ನೆನೆಸಿದ್ದ ಅಕ್ಕಿಯನ್ನು ತಂದು ನನ್ನದರ ಮೇಲೆ ಸುರಿದುಬಿಟ್ಟರು. ಕಲ್ಲು ಸುಮ್ಮನಾಯಿತು.

“ಐಯೋ ಸಾಮಿ, ಮರೆತು ನನ್ನದನ್ನೂ ಹಾಕಿಬಿಟ್ಟೆ! ಈಗ ಯಾರದು ಯಾವುದು? ಅರ್ಧ ಅರ್ಧ ತಗೊಳ್ಳೋಣ ಬಿಡು.”

ನನಗೆ ಕೃತಜ್ಞತೆ ಹುಟ್ಟಲಿಲ್ಲ, ಸಿಟ್ಟು ಬಂತು. “ನಾನು ಕೇಳಿದ್ನಾ ಅಕ್ಕಾ?” ಎಂದು ಖಾಲಿ ಬೋಗಣಿ ಎತ್ತಿಕೊಂಡು ಬಂದೆ. ಮನೆಗೆ ಬಂದು, ನನ್ನ ಒಂದು ಹಿಡಿ ಅಕ್ಕಿಯೂ ಅಲ್ಲೇ ಹೋಯಿತಲ್ಲ ಎಂದು ಅತ್ತೆ. ಮಕ್ಕಳಿಬ್ಬರೂ ನೀರು ಕುಡಿದು ಮಲಗಿದರು.

ಮರುದಿನ ಅಕ್ಕ ನಮ್ಮ ಬಾಗಿಲಿಗೆ ಬಂದರು. ನನ್ನ ಜೊತೆ ಯಾವಾಗಲೂ ಕನ್ನಡದಲ್ಲೇ ಮಾತಾಡುವ ಹೆಂಗಸು, ಅವತ್ತು ಬೀದಿಯಲ್ಲಿ ನಿಂತು ತಮಿಳಿನಲ್ಲಿ, ಅದೂ ಗಟ್ಟಿ ದನಿಯಲ್ಲಿ ಶುರು ಮಾಡಿದರು. ತೋಳು ಹಿಡಿದುಬಿಟ್ಟಿದೆಯಂತೆ, ಗುಂಡುಕಲ್ಲು ಎತ್ತಲು ಆಗುವುದಿಲ್ಲವಂತೆ, ಮಧ್ಯಾಹ್ನ ಬಂದು ಕಲ್ಲು ಎತ್ತಿ ತೊಳೆದುಕೊಡಲು ಆಳು ಬೇಕಂತೆ.

“ಕೂಲಿ?” ಎಂದೆ.

“ಕಲ್ಲಿಗೆ ಅಂಟಿದ್ದರಲ್ಲಿ ಅರ್ಧ.”

“ಅರ್ಧಕ್ಕೆ ಯಾರು ಬರ್ತಾರೆ? ಅಂಟಿದ್ದು ಪೂರಾ ನಂದು. ಗುಂಡುಕಲ್ಲಿಗೆ ಅಂಟಿದ್ದೂ ಸೇರಿ.”

“ನನ್ನ ಮನೆ ಮುಳುಗಿಸೋಕೆ ಬಂದಿದೀಯಾ? ಗುಂಡಿನದು ಕೊಡಲ್ಲ.”

“ಹಂಗಾದ್ರೆ ಬೇರೆಯವರನ್ನ ನೋಡ್ಕೊಳ್ಳಿ.”

ಅಕ್ಕ ಎದೆ ಬಡಿದುಕೊಂಡರು. ನನ್ನ ತವರನ್ನು ಬೈದರು, ಪಲ್ಲಡದ ಸಂತೆಯಲ್ಲಿ ದನ ಮಾರುವವರೂ ಇಷ್ಟು ಕಟುಕರಲ್ಲ ಎಂದರು. ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತು ನಗುತ್ತಿದ್ದರು. ಎದುರು ಮನೆಯವಳು, “ಬಿಡಬೇಡ ಕಣೇ, ಹಿಡಿದದ್ದನ್ನ ಹಿಡಿ!” ಎಂದು ನನ್ನ ಪರ ಕೂಗಿದಳು. ಕೊನೆಗೆ ಅಕ್ಕ ಸೋತರು. ಗೊಣಗುತ್ತಾ ಹೋದರು. ಹಿಂದಿನ ದಿನ ನೆಲಕ್ಕೆ ಬಗ್ಗಿದ್ದ ನನ್ನ ತಲೆ ಅವತ್ತು ಎದ್ದು ನಿಂತಿತು. ನನ್ನ ಬದುಕಿನಲ್ಲಿ ನಾನು ಗೆದ್ದ ಮೊದಲ ಚೌಕಾಸಿ ಅದು.

ದಿನವೂ ಹೋದೆ. ಪಾತ್ರೆ ತುಂಬ ಹಿಟ್ಟು ತಂದೆ. ದಿನ ಕಳೆದಂತೆ ಕಲ್ಲಿಗೆ ಅಂಟುವ ಹಿಟ್ಟು ಹೆಚ್ಚುತ್ತಾ ಹೋಯಿತು. ಮೊದಲು ತೆಳ್ಳಗೆ ಬಳಿದಂತಿದ್ದದ್ದು ಈಗ ದಪ್ಪಗೆ ಗೋಡೆಗೆ ಮೆತ್ತಿದ ಹಾಗೆ. ಹೆಂಗಸರಿಗೆ ಬಳಿಯುವ ಕೈಚಳಕವೇ ಇಲ್ಲ ಎಂದು ಒಳಗೊಳಗೇ ನಕ್ಕೆ. ಮಕ್ಕಳು ತಿಂದು ಮಿಕ್ಕಿದ್ದರಲ್ಲಿ ಪಡ್ಡಿನಂಥ ಪಣಿಯಾರ ಸುಟ್ಟು ಮಿಲ್ಲಿನ ಗೇಟಿಗೆ ಒಯ್ದು ಮಾರತೊಡಗಿದೆ. ಅಲ್ಲಿಂದ ಶುರುವಾದದ್ದೇ ನನ್ನ ವ್ಯಾಪಾರ.

ಒಂದು ಮಧ್ಯಾಹ್ನ, ಅರ್ಧ ಅರೆದಿರುವಾಗ ಕರೆಂಟು ಹೋಯಿತು. ಜಗುಲಿಯವರು ಚದುರಿದರು. ನಾನು ನೀರು ತರಲು ಹೋದವಳು ಹಿತ್ತಲ ಬಾಗಿಲಿಂದ ಒಳಗೆ ಕಾಲಿಟ್ಟೆ. ಅಕ್ಕ ಬೆನ್ನು ಮಾಡಿ ನಿಂತಿದ್ದರು. ಬಗ್ಗಿ, ಆ ಗುಂಡುಕಲ್ಲನ್ನು ಒಂದೇ ಉಸಿರಿಗೆ ಎತ್ತಿ, ಕೂಸನ್ನು ಕಂಕುಳಿಗೆ ಹಾಕಿಕೊಳ್ಳುವಂತೆ ಸೊಂಟಕ್ಕೆ ಒರಗಿಸಿ, ಪಕ್ಕದ ತಟ್ಟೆಯಲ್ಲಿ ಸದ್ದಾಗದಂತೆ ಇಳಿಸಿದರು. ತೋಳಿಗೆ ಏನೂ ಆಗಿರಲಿಲ್ಲ. ಎಂದೂ ಆಗಿರಲಿಲ್ಲ.

ಬಿಂದಿಗೆ ಹಿಡಿದು ಅಲ್ಲೇ ನಿಂತೆ. ತೋಳುನೋವು ಸುಳ್ಳೆಂದಾದ ಮೇಲೆ ಮಿಕ್ಕದ್ದೂ ಒಂದೊಂದೇ ಬಿಚ್ಚಿಕೊಂಡಿತು. ಬೀದಿಯಲ್ಲಿ ತಮಿಳಿನಲ್ಲಿ ಕೂಗಾಡಿದ್ದು, ನಾನು ತರುವ ಹಿಟ್ಟು ಕೂಲಿಯ ಹಿಟ್ಟು ಎಂದು ಲೈನಿಗೆಲ್ಲ ಕೇಳಿಸಲಿ ಎಂದು. ದಪ್ಪಗೆ ಮೆತ್ತಿದ ಹಿಟ್ಟು ಕೈಚಳಕ ಇಲ್ಲದವರು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ತಮ್ಮ ಮಕ್ಕಳಿಗೂ ಅಳತೆ ಮಾಡಿ ಹಾಕುವ ಹೆಂಗಸರು ಒಬ್ಬೊಬ್ಬರೂ ಒಂದೊಂದು ಸೌಟು ನನಗೆಂದು ಕಲ್ಲಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಯಾರು ಯಾರಿಗೆ ಹೇಳಿದರೋ, ಹೇಳಿಯೇ ಇರಲಿಲ್ಲವೋ… ಇಡೀ ಲೈನಿಗೆ ಗೊತ್ತಿದ್ದ ಸಂಗತಿ ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ಗೆದ್ದೆ ಎಂದು ಮೆರೆದಿದ್ದೆ.

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಈಗಲೂ ಒಂದು ಮಾತು ಹೇಳುತ್ತೇನೆ: ಎದುರಿನವರು ತಟ್ಟನೆ ಒಪ್ಪಿದರೆ ಅನುಮಾನ ಪಡಿ. ಇನ್ನೊಂದನ್ನು ಹೇಳುವುದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಎದೆ ಬಡಿದುಕೊಂಡು, ಬೈದು, ಹೋರಾಡಿ ಸೋಲುವವರೂ ಇದ್ದಾರೆ, ನಿಮ್ಮ ಮಾನ ಉಳಿಸುವುದಕ್ಕೆ.

ಅವತ್ತು ಸದ್ದು ಮಾಡದೆ ಹಿಂದಕ್ಕೆ ಹೋಗಿ, ಮುಂಬಾಗಿಲಿಂದ ಕೆಮ್ಮುತ್ತಾ ಬಂದೆ. ಅಕ್ಕ ಆಗಲೇ ತೋಳು ನೀವಿಕೊಳ್ಳುತ್ತಾ ಕೂತಿದ್ದರು. “ಬಂದೆಯಾ ಅಮ್ಮಿಣಿ? ಕಲ್ಲು ಅದಾಗಲೇ ಇಳಿಸಿಯಾಯ್ತು, ಎದುರು ಮನೆಯವಳು ಬಂದು ಇಳಿಸಿಕೊಟ್ಟಳು.” ನನಗೆ ಹೋಗಿ ಕಾಲು ಹಿಡಿಯಬೇಕೆನ್ನಿಸಿತು. ಹಿಡಿದರೆ ಅವರು ಅಷ್ಟು ದಿನ ಕಟ್ಟಿದ ಆಟವೆಲ್ಲ ಮುರಿಯುತ್ತದೆ. ಅದಕ್ಕೆ, “ಹಂಗಾದ್ರೆ ಅವಳಿಗೂ ಪಾಲು ಕೊಡ್ಬೇಕಾ? ನನ್ನ ಕೂಲಿಯಲ್ಲಿ ಕಮ್ಮಿ ಮಾಡೋ ಹಾಗಿಲ್ಲ” ಎಂದು ಜಗಳಕ್ಕೆ ನಿಂತೆ. ಅಕ್ಕನ ಮುಖ ಅರಳಿತು. ಅವರಿಗೆ ಕೊಡಲು ನನ್ನ ಹತ್ತಿರ ಆಗ ಇದ್ದದ್ದು ಅದೊಂದೇ. ಆಮೇಲೂ ದಿನವೂ ಹೋದೆ, ದಿನವೂ ವಾದಿಸಿದೆ. ಆದರೆ ಹಿಟ್ಟು ಬಳಿದುಕೊಳ್ಳುವಾಗ ಕೈ ಸುಡುತ್ತಿತ್ತು.

ಪಣಿಯಾರ ಕೈ ಹಿಡಿಯಿತು. ಅದರಿಂದ ತಿರುಪ್ಪೂರಿನ ಕಟ್‌ಪೀಸ್ ಬನಿಯನ್ ತಂದು ಮಾರುವ ಧೈರ್ಯ ಬಂತು. ಗಂಡನಿಗೂ ಬೇರೆಡೆ ಕೆಲಸ ಸಿಕ್ಕಿತು. ಲೈನ್ ಮನೆ ಬಿಡುವ ದಿನ ಅಕ್ಕ ಕನ್ನಡದಲ್ಲಿ, ಮೆಲ್ಲಗೆ, “ನನ್ನ ಹತ್ರ ಕೂಲಿಗೆ ಇಷ್ಟು ಕಿತ್ತಾಡಿದವಳು ನೀನೊಬ್ಬಳೇ. ಆ ಬುದ್ಧಿ ಬಿಡಬೇಡ” ಎಂದರು. ತಮಿಳಿನ ಮರ್ಯಾದೆ ಸೇರಿಸಿ “ಸರಿಂಗಕ್ಕಾ” ಎಂದೆ. ಬಿಡಲಿಲ್ಲ. ಅದನ್ನೇ ಹಿಡಿದು ಅಂಗಡಿ ಕಟ್ಟಿದೆ.

ಎಷ್ಟೋ ವರ್ಷಗಳ ಮೇಲೆ, ಅಕ್ಕ ಗಂಡನನ್ನು ಕಳೆದುಕೊಂಡು ಪೋತ್ತನೂರಿನಲ್ಲಿ ಮಗಳ ಮನೆಯ ಒಂದು ಕೋಣೆಯಲ್ಲಿದ್ದಾರೆ, ಕಷ್ಟದಲ್ಲಿದ್ದಾರೆ ಎಂದು ತಿಳಿಯಿತು. ಕಾರಿನಲ್ಲಿ ಹೋದೆ. ಡ್ರೈವರ್ ಕೈಯಲ್ಲಿ ಅಕ್ಕಿ ಮೂಟೆ ಹೊರಿಸಿದೆ, ರೇಷ್ಮೆ ಸೀರೆ ತಟ್ಟೆಯಲ್ಲಿಟ್ಟು, ಮಗಳು ಅಳಿಯ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ ಅಕ್ಕನ ಮುಂದೆ ಹಿಡಿದೆ. “ನೀವು ಅವತ್ತು ಅನ್ನ ಹಾಕಿದಿರಿ ಅಕ್ಕಾ” ಎಂದು ಗಟ್ಟಿಯಾಗಿ ಹೇಳಿದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಅಕ್ಕ ತಲೆ ಎತ್ತಲಿಲ್ಲ. ಸೆರಗಿನ ಹರಿದ ಅಂಚನ್ನು ಮಡಚಿ ಮಡಚಿ ಒಳಗೆ ಸೇರಿಸುತ್ತಿದ್ದರು. ಆ ಬಗ್ಗಿದ ತಲೆ ನನಗೆ ಗೊತ್ತಿತ್ತು. ಕಲ್ಲು ಕಡಕಡ ಎಂದ ದಿನ ಜಗುಲಿಯಲ್ಲಿ ಕೂತಿದ್ದದ್ದು ಅದೇ ತಲೆ. ಅವತ್ತು ಅಕ್ಕ ಎದ್ದು ಹೋಗಿ ಅಕ್ಕಿ ಸುರಿದು ಸದ್ದು ಅಡಗಿಸಿದ್ದರು. ಇವತ್ತು ನಾನೇ ಸದ್ದಾಗಿ ನಿಂತಿದ್ದೆ.

ಏನಾದರೂ ಕೆಲಸದ ನೆವ ಹುಡುಕಿಕೊಂಡು, ಚೌಕಾಸಿಗೆ ಜಾಗ ಬಿಟ್ಟು, ಸೋಲುವುದಕ್ಕೆ ತಯಾರಾಗಿ ಮತ್ತೆ ಬರಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಂಗಡಿ, ಮಾಲಿನ ಲೋಡು, ದೀಪಾವಳಿ ವ್ಯಾಪಾರ… ಹೋಗುವಷ್ಟರಲ್ಲಿ ಅಕ್ಕ ಇರಲಿಲ್ಲ. ಮಗಳು ಒಳಗಿಂದ ಸೀರೆ ತಂದು ತೋರಿಸಿದಳು. ಮಡಿಕೆ ಬಿಚ್ಚಿರಲಿಲ್ಲ.

ಈಗ ಸೊಪ್ಪಿನವಳ ಹತ್ತಿರ, ಹೂವಿನವಳ ಹತ್ತಿರ ಸೋಲಲು ನೋಡುತ್ತೇನೆ. ಆಗುವುದಿಲ್ಲ. ಬಾಯಿ ತಾನಾಗಿ ಗೆದ್ದುಬಿಡುತ್ತದೆ. ಬೇಕೆಂದೇ ಸೋತರೆ ಅವರಿಗೆ ಗೊತ್ತಾಗಿಬಿಡುತ್ತದೆ, ಮುಖ ಸಣ್ಣದಾಗುತ್ತದೆ. ಅಕ್ಕನಿಂದ ನಾನು ಅರ್ಧ ವಿದ್ಯೆಯನ್ನು ಮಾತ್ರ ಕಲಿತೆ.

ಹೋದ ತಿಂಗಳು ಹಿಟ್ಟು ಅರೆದಾದ ಮೇಲೆ, ಬಳಿದುಕೊಳ್ಳುವಾಗ ನನ್ನ ಕೈ ಕಲ್ಲಿನ ಸುತ್ತ ಒಂದು ಸೌಟಿನಷ್ಟು ಬಿಟ್ಟಿತು. ಗೊತ್ತಿಲ್ಲದೆಯೇ ಬಿಟ್ಟಿತು. ಹಾಗೆಯೇ ಇರಲಿ ಎಂದು ಒಳಗೆ ಬಂದೆ. ಬಾಲ್ಕನಿಗೆ ಬಿಸಿಲು ಬಂತು, ಹೋಯಿತು. ಈ ಕಟ್ಟಡದಲ್ಲಿ ಪಕ್ಕದ ಮನೆಯವರ ಬಾಗಿಲು ಯಾವ ಬಣ್ಣದ್ದು ಎಂದು ನನಗೆ ನೆನಪಿಲ್ಲ. ಸಂಜೆ ಸೊಸೆ ಕರೆದು ಕೇಳಿದಳು:

“ಅತ್ತೆ, ಇಷ್ಟೊಂದು ಬಿಟ್ಟಿದೀರಲ್ಲ, ಎಲ್ಲ ಒಣಗಿ ಕಲ್ಲಾಗಿದೆ. ಇದನ್ನ ತೊಳೆಯೋಕೆ ಯಾರು ಬರ್ತಾರೆ?”